ಹಾಸಿಗೆ ಕೊಳ್ಳುವ ಮೊದಲು

ಮನುಷ್ಯನು ತನ್ನ ಆಯುಷ್ಯದ ಸುಮಾರು ಮೂರರಲ್ಲಿ ಒಂದು ಪಾಲನ್ನು ಮಲಗಿಯೇ ಕಳೆಯುತ್ತಾನೆ. ಹೀಗಿದ್ದರೂ ಒಂದು ಕೊಡೆ ಕೊಳ್ಳುವಾಗ ನಾವು ತೋರಿಸುವ ಎಚ್ಚರಿಕೆಯನ್ನು ಹಾಸಿಗೆ ಕೊಳ್ಳುವಾಗ ತೋರಿಸುವುದಿಲ್ಲ. ಕೊಡೆಯನ್ನು ಬಿಡಿಸಿ, ಮಡಚಿ, ಕಡ್ಡಿಗಳನ್ನು ಎಣಿಸಿ, ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುತ್ತೇವೆ. ಹಾಸಿಗೆಯನ್ನಾದರೋ ಮೇಲಿನ ಬಟ್ಟೆಯ ಹೂವಿನ ಚಿತ್ತಾರ ನೋಡಿ, ಅಂಗೈಯಿಂದ ಎರಡು ಸಲ ಒತ್ತಿ, "ಮೆತ್ತಗಿದೆ, ಆಗಬಹುದು" ಎಂದು ಒಪ್ಪಿಬಿಡುತ್ತೇವೆ. ಒಳಗೆ ಏನು ತುಂಬಿದ್ದಾರೆ ಎಂದು ಕೇಳುವವರು ಕಡಿಮೆ. ಕೇಳಿದರೂ ಸಿಗುವ ಉತ್ತರವನ್ನು ಪರೀಕ್ಷಿಸುವುದು ಹೇಗೆಂದು ನಮಗೆ ತಿಳಿದಿರುವುದಿಲ್ಲ.

ಕನ್ನಡ ಪಾಠ ಹೇಳುವವರಿಗೆ ಹಾಸಿಗೆಯ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ಬೆಳಗಿನ ಮೊದಲನೆಯ ಪಿರಿಯಡ್ಡಿನಲ್ಲಿಯೇ ಆಕಳಿಸುವ ಮಕ್ಕಳನ್ನು ದಿನವೂ ಕಾಣುವವರು ನಾವು. ಕಾರಣ ವಿಚಾರಿಸಿದರೆ ರಾತ್ರಿ ಹೊತ್ತು ಮೊಬೈಲು ನೋಡಿದವರು ಕೆಲವರು, ಅದು ಬೇರೆ ಮಾತು. ಆದರೆ ಹಾಸಿಗೆಯ ನಡುವೆ ಗುಂಡಿ ಬಿದ್ದು ಇಬ್ಬರೂ ಒಬ್ಬರ ಮೇಲೊಬ್ಬರು ಜಾರುತ್ತೇವೆ ಎನ್ನುವವರು, ಮಳೆಗಾಲದಲ್ಲಿ ಹಾಸಿಗೆಯ ಕಮಟು ವಾಸನೆಗೆ ಸೀನು ಬರುತ್ತದೆ ಎನ್ನುವವರು, ಎದ್ದಾಗ ಸೊಂಟ ಹಿಡಿದಿರುತ್ತದೆ ಎನ್ನುವ ಹದಿನಾಲ್ಕು ವರ್ಷದವರೂ ಉಂಟು. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆಯ ನಿದ್ರೆ ಬೇಕೆಂದು ಅಮೆರಿಕದ ನಿದ್ರಾ ವೈದ್ಯರ ಸಂಘವು 2016ರಲ್ಲಿ ಹೇಳಿತು. 6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ. ಎಸ್.ಎಸ್.ಎಲ್.ಸಿ. ತರಗತಿಯ ಮಕ್ಕಳು ಅಷ್ಟು ಹೊತ್ತು ಮಲಗುವುದೇ ಕಷ್ಟ. ಮಲಗಿದ ಹೊತ್ತಾದರೂ ಹಾಳಾಗಬಾರದಲ್ಲವೇ? ಇನ್ನೊಂದು ಕಡೆಯಿಂದ, ಹಾಸಿಗೆ ಹೇರಿಕೊಂಡ ಗಾಡಿಗಳು ಮನೆ ಬಾಗಿಲಿಗೇ ಬಂದು ಕಂತಿನ ಮೇಲೆ ಮಾರುವ ಕಾಲ ಇದು. ಕೂಲಿಯ ದುಡ್ಡಿನಲ್ಲಿ ಕಂತು ಕಟ್ಟುವವರು ಕೊಂಡ ಹಾಸಿಗೆ ಕಂತು ಮುಗಿಯುವ ಮೊದಲೇ ಚಪ್ಪಟೆಯಾದರೆ ಅವರು ಯಾರಲ್ಲಿ ಹೇಳಬೇಕು?

ಹಾಸುವುದರಿಂದ ಹಾಸಿಗೆ ಎಂಬ ಹೆಸರು ಬಂತು. ಹಳಗನ್ನಡದಲ್ಲಿ ಅದು 'ಪಾಸು'. ನಮ್ಮ ನೆರೆಯ ಮಲೆಯಾಳದವರು 'ಕಿಡಕ್ಕ' ಎನ್ನುತ್ತಾರೆ, ಅದು ಮಲಗಿರುವುದು ಎಂಬ ಅರ್ಥದ ಧಾತುವಿನಿಂದ ಬಂದುದು. ನಾವು ಹಾಸುವ ಕೆಲಸವನ್ನು ಹಿಡಿದು ಹೆಸರಿಟ್ಟೆವು, ಅವರು ಮಲಗುವ ಸುಖವನ್ನು ಹಿಡಿದು ಇಟ್ಟರು! ನಮ್ಮ ಕಾಸರಗೋಡು ಸೀಮೆಯ ಹೆಚ್ಚಿನ ಮನೆಗಳಲ್ಲಿ ಹಿಂದೆ ಹಾಸುತ್ತಿದ್ದುದು ಮುಂಡುಕನ ಓಲೆಯ ಚಾಪೆ. ಬೆಳಗ್ಗೆ ಸುತ್ತಿ ಮೂಲೆಯಲ್ಲಿ ನಿಲ್ಲಿಸಿದರೆ ಅದೇ ಕೋಣೆ ಊಟಕ್ಕೂ ಓದಿಗೂ ಒದಗುತ್ತಿತ್ತು. ಆ ಚಾಪೆಯನ್ನು ಹೀನಾಯ ಮಾಡುವ ಉದ್ದೇಶ ನಮಗಿಲ್ಲ. ಗಾಳಿಯಾಡುವ, ತೊಳೆಯಬಹುದಾದ, ಸೆಕೆಗಾಲಕ್ಕೆ ಒಪ್ಪುವ ಇಂಥ ಹಾಸು ಇನ್ನೊಂದಿಲ್ಲ. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯೂ ಇದೆ. ಎಳೆಯ ಮೈಗೆ, ದಣಿದ ಮೈಗೆ ಚಾಪೆ ಸಾಕಾಗುತ್ತದೆ. ಆದರೆ ಅಜ್ಜಿಗೆ ಅದೇ ಚಾಪೆಯಿಂದ ಏಳಲಾಗುವುದಿಲ್ಲ, ಪಕ್ಕಕ್ಕೆ ಮಲಗಿದರೆ ಸೊಂಟದ ಎಲುಬು ನೋಯುತ್ತದೆ. ಇದಕ್ಕೆ ಕಾರಣವನ್ನು ವಿಜ್ಞಾನದ ತರಗತಿಯಲ್ಲಿ ನೀವು ಕಲಿತೇ ಇದ್ದೀರಿ.

ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿದಾಗ ಇಡೀ ಬೆನ್ನು ನೆಲಕ್ಕೆ ತಾಗುವುದಿಲ್ಲ. ತಲೆಯ ಹಿಂಭಾಗ, ಹೆಗಲಿನ ಎಲುಬು, ಪಿರ್ರೆ, ಹಿಮ್ಮಡಿ ಇಷ್ಟೇ ತಾಗುತ್ತವೆ. ಮೈಯ ಭಾರವೆಲ್ಲ ಆ ಸ್ವಲ್ಪ ಜಾಗದ ಮೇಲೆ ಬೀಳುವುದರಿಂದ ಅಲ್ಲಿನ ಸೂಕ್ಷ್ಮ ರಕ್ತನಾಳಗಳು ಒತ್ತಿಹೋಗಿ, ರಕ್ತ ಸರಿಯಾಗಿ ಹರಿಯದೆ ಜೋಮು ಹಿಡಿಯುತ್ತದೆ. ಆಗ ನಾವು ನಿದ್ರೆಯಲ್ಲಿಯೇ ಮಗ್ಗುಲು ಬದಲಿಸುತ್ತೇವೆ. ಹಾಸಿಗೆಯ ಮೊದಲನೆಯ ಕೆಲಸ ಈ ತಾಗುವ ಜಾಗವನ್ನು ಹೆಚ್ಚಿಸುವುದು. ಎರಡನೆಯ ಕೆಲಸ ಬೆನ್ನೆಲುಬನ್ನು ಅದರ ಸಹಜವಾದ ಬಾಗಿನಲ್ಲಿ ಎತ್ತಿ ಹಿಡಿಯುವುದು. ಈ ಎರಡು ಕೆಲಸಗಳು ಒಂದಕ್ಕೊಂದು ವಿರುದ್ಧವಾದವು ಎಂಬಲ್ಲಿಯೇ ತೊಡಕು ಇರುವುದು. ತೀರ ಮೆತ್ತಗಿದ್ದರೆ ತಾಗುವ ಜಾಗ ಹೆಚ್ಚುತ್ತದೆ, ಆದರೆ ಮೈಯಲ್ಲಿ ಹೆಚ್ಚು ಭಾರವಿರುವ ಸೊಂಟವು ತೊಟ್ಟಿಲಿನಂತೆ ತಗ್ಗಿಗೆ ಇಳಿದು ಬೆನ್ನು ಬಿಲ್ಲಾಗುತ್ತದೆ. ತೀರ ಗಟ್ಟಿಯಾದರೆ ಬೆನ್ನು ನೆಟ್ಟಗಿರುತ್ತದೆ, ಎಲುಬು ನೋಯುತ್ತದೆ.

ಸೊಂಟನೋವಿನವರಿಗೆ ಹಲಗೆಯಂಥ ಗಟ್ಟಿ ಹಾಸಿಗೆಯೇ ಆಗಬೇಕೆಂದು ಹೇಳುವ ವಾಡಿಕೆ ಬಹಳ ಕಾಲದಿಂದ ಇದೆ. 2003ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಸ್ಪೇನ್ ದೇಶದ ವೈದ್ಯರು ನಡೆಸಿದ ಒಂದು ಪರೀಕ್ಷೆಯ ಫಲ ಪ್ರಕಟವಾಯಿತು. ಬಹುಕಾಲದಿಂದ ಸೊಂಟನೋವಿದ್ದ 313 ಮಂದಿ ವಯಸ್ಕರಲ್ಲಿ ಕೆಲವರಿಗೆ ಗಟ್ಟಿ ಹಾಸಿಗೆಯನ್ನೂ ಉಳಿದವರಿಗೆ ಮಧ್ಯಮ ಗಟ್ಟಿತನದ ಹಾಸಿಗೆಯನ್ನೂ ಕೊಟ್ಟರು. ಯಾರಿಗೆ ಯಾವುದು ಸಿಕ್ಕಿದೆ ಎಂಬುದು ಮಲಗುವವರಿಗೂ ತಿಳಿದಿರಲಿಲ್ಲ, ಪರೀಕ್ಷಿಸುವವರಿಗೂ ತಿಳಿದಿರಲಿಲ್ಲ. 90 ದಿನ ಕಳೆದ ಮೇಲೆ ನೋಡಿದರೆ ಮಧ್ಯಮದ ಹಾಸಿಗೆಯಲ್ಲಿ ಮಲಗಿದವರಿಗೇ ನೋವು ಹೆಚ್ಚು ಇಳಿದಿತ್ತು. ಆದುದರಿಂದ ಅಂಗಡಿಯವರು "ಇದು ಬೆನ್ನಿಗೆ ಒಳ್ಳೆಯದು, ಆರ್ಥೋಪೆಡಿಕ್" ಎಂದು ಕಲ್ಲಿನಂಥದನ್ನು ತೋರಿಸಿದರೆ ಕೂಡಲೇ ನಂಬಬೇಕಾಗಿಲ್ಲ. ಆ ಹೆಸರಿನ ಚೀಟಿ ಅಂಟಿಸುವುದಕ್ಕೆ ಎಲ್ಲರೂ ಒಪ್ಪಿದ ಅಳತೆಗೋಲು ಎಂಬುದಿಲ್ಲ. ತಾಳದಷ್ಟು ನೋವಿದ್ದವರು ಹಾಸಿಗೆಯಂಗಡಿಗಿಂತ ಮೊದಲು ವೈದ್ಯರಲ್ಲಿಗೆ ಹೋಗಬೇಕು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಮಧ್ಯಮ ಎಂದರೆ ಎಷ್ಟು? ಅದು ಮಲಗುವವರ ತೂಕವನ್ನು ಹೊಂದಿಕೊಂಡಿದೆ. 35 ಕಿಲೋದ ಹುಡುಗನಿಗೆ ಗಟ್ಟಿಯೆನಿಸುವುದು 80 ಕಿಲೋದ ಅವನ ಅಪ್ಪನಿಗೆ ಮೆತ್ತಗಾಗಬಹುದು. ಆದುದರಿಂದ ಯಾರು ಮಲಗುವರೋ ಅವರೇ ಅಂಗಡಿಗೆ ಹೋಗಬೇಕು, ಅಲ್ಲಿ ಮಲಗಿ ನೋಡಬೇಕು. ನಾಚಿಕೆ ಬೇಡ. ಕುಳಿತು ನೋಡಿದರೆ ಏನೂ ತಿಳಿಯುವುದಿಲ್ಲ, ಏಕೆಂದರೆ ಕುಳಿತಾಗ ಭಾರವೆಲ್ಲ ಒಂದೇ ಕಡೆ ಬೀಳುತ್ತದೆ. ಚಪ್ಪಲಿ ಕಳಚಿ, ಮನೆಯಲ್ಲಿ ಹೇಗೆ ಮಲಗುತ್ತೀರೋ ಹಾಗೆಯೇ ಹತ್ತು ನಿಮಿಷ ಮಲಗಿ. ಅಂಗಾತ ಮಲಗಿದಾಗ ಸೊಂಟದ ಬಾಗಿನ ಕೆಳಗೆ ಅಂಗೈಯನ್ನು ತೂರಿಸಿ ನೋಡಿ. ಸುಲಭವಾಗಿ ಅತ್ತಿಂದಿತ್ತ ಹೋದರೆ ಹಾಸಿಗೆ ನಿಮಗೆ ಗಟ್ಟಿಯಾಯಿತು. ಕೈ ನುಗ್ಗಲೇ ಇಲ್ಲವಾದರೆ ಮೆತ್ತಗಾಯಿತು. ಸ್ವಲ್ಪ ಬಿಗಿಯಾಗಿ ನುಗ್ಗಬೇಕು. ಪಕ್ಕಕ್ಕೆ ತಿರುಗಿ ಮಲಗಿದಾಗ ಜತೆಯವರು ಹಿಂದೆ ನಿಂತು ನೋಡಲಿ. ಕುತ್ತಿಗೆಯಿಂದ ಸೊಂಟದವರೆಗೆ ಬೆನ್ನೆಲುಬಿನ ಗೆರೆ ನೇರವಾಗಿ ಕಾಣಬೇಕು. ತಲೆದಿಂಬು ಇಲ್ಲದೆ ಈ ಪರೀಕ್ಷೆ ಮಾಡಬೇಡಿ. ಪಕ್ಕಕ್ಕೆ ಮಲಗುವವರಿಗೆ ಹೆಗಲಿನ ಅಗಲದಷ್ಟು ಎತ್ತರದ್ದು ಬೇಕು, ಅಂಗಾತ ಮಲಗುವವರಿಗೆ ತೆಳ್ಳಗಿನದು ಸಾಕು.

ಇನ್ನು ಒಳಗಿನ ವಸ್ತುವಿನ ಮಾತಿಗೆ ಬರೋಣ. ಕೌತುಕವೆಂದರೆ ಹಾಸಿಗೆಗೆ ಬೇಕಾದ ಮೂರು ಮುಖ್ಯ ವಸ್ತುಗಳು ನಮ್ಮ ಹಿತ್ತಿಲಿನಲ್ಲಿಯೇ ಬೆಳೆಯುತ್ತವೆ: ಬೂರುಗದ ಹತ್ತಿ, ತೆಂಗಿನ ನಾರು, ರಬ್ಬರ್ ಹಾಲು.

ಬೂರುಗದ ಕಾಯಿ ಬೇಸಿಗೆಯಲ್ಲಿ ಒಡೆದು ಹತ್ತಿ ಗಾಳಿಗೆ ಹಾರುವುದನ್ನು ಎಲ್ಲರೂ ಕಂಡಿದ್ದೀರಿ. ಅದರ ಎಳೆಯ ಒಳಗೆ ಟೊಳ್ಳು, ಹೊರಗೆ ಮೇಣದ ಲೇಪ. ಹೀಗಾಗಿ ಅದು ನೀರನ್ನು ಹೀರುವುದಿಲ್ಲ, ನೀರಿನಲ್ಲಿ ತೇಲುತ್ತದೆ. ಹಡಗುಗಳಲ್ಲಿ ಇಡುವ ಜೀವರಕ್ಷಕ ಅಂಗಿಗಳಿಗೆ ಹಿಂದೆ ಇದನ್ನೇ ತುಂಬುತ್ತಿದ್ದರು. ಎಳೆ ನುಣುಪಾದುದರಿಂದ ನೂಲಲು ಬಾರದು, ತುಂಬಲು ಮಾತ್ರ ತಕ್ಕುದು. ಹಗುರ, ಮೃದು, ಬಿಸಿಲಿಗೆ ಹಾಕಿದರೆ ಮತ್ತೆ ಉಬ್ಬುತ್ತದೆ. ದೋಷವೆಂದರೆ ಕಾಲಕ್ರಮದಲ್ಲಿ ಎಳೆ ಮುರಿದು ಪುಡಿಯಾಗುತ್ತದೆ, ಗಂಟು ಕಟ್ಟುತ್ತದೆ. ಬೆಂಕಿ ಬೇಗ ಹಿಡಿಯುತ್ತದೆ, ಆದುದರಿಂದ ಸೊಳ್ಳೆಬತ್ತಿಯನ್ನು ಹತ್ತಿರ ಇಡಬಾರದು. ಬೀಜ ಸರಿಯಾಗಿ ತೆಗೆಯದೆ ತುಂಬಿದರೆ ಇಲಿಗಳಿಗೆ ಔತಣ. ನಮ್ಮ ಅಭಿಪ್ರಾಯದಲ್ಲಿ ಬೂರುಗದ ಹತ್ತಿ ತಲೆದಿಂಬಿಗೆ ಉತ್ತಮ, ಹಾಸಿಗೆಗೆ ಮಧ್ಯಮ.

ಗಿಡದ ಹತ್ತಿಯ ಕಥೆ ಬೇರೆ. ಅದು ಬೆವರನ್ನೂ ಗಾಳಿಯ ತೇವವನ್ನೂ ಹೀರುತ್ತದೆ, ಕೆಲವು ತಿಂಗಳಲ್ಲಿ ಅಮರಿ ಗಟ್ಟಿಯಾಗುತ್ತದೆ. ಆದರೆ ಬಿಚ್ಚಿ, ಹಿಂಜಿಸಿ, ಮತ್ತೆ ತುಂಬಿಸಬಹುದು. ಪಿಂಜಾರರು ಬಿಲ್ಲಿನ ಹೆದೆಯನ್ನು ಮೀಟಿ ಹತ್ತಿ ಹಿಂಜುತ್ತಿದ್ದ ಸದ್ದನ್ನು ಈಗಿನ ಮಕ್ಕಳು ಕೇಳಿರಲಾರರು, ಆ ಕೆಲಸವನ್ನು ಈಗ ಹೆಚ್ಚಾಗಿ ಯಂತ್ರ ಮಾಡುತ್ತದೆ. ಹೀಗೆ ಹಿಂಜಿಸಿಕೊಂಡು ಒಂದೇ ಹತ್ತಿಯನ್ನು ವರ್ಷಗಟ್ಟಲೆ ಬಳಸುವ ಮನೆಗಳು ಉಂಟು. ಕೊಳ್ಳುವಾಗ ಹೊಲಿಗೆಯ ಸಂದಿಯಿಂದ ಒಂದು ಚಿಟಿಕೆ ಹತ್ತಿ ತೆಗೆಸಿ ನೋಡಬೇಕು. ಎರಡೂ ಕೈಯಿಂದ ಮೆಲ್ಲನೆ ಎಳೆದಾಗ ಎಳೆಗಳು ಉದ್ದವಾಗಿ ಜಾರಿ ಬೇರೆಯಾದರೆ ಒಳ್ಳೆಯ ಹತ್ತಿ. ಪುಡಿ ಉದುರಿದರೆ, ನಡುನಡುವೆ ಬಣ್ಣದ ನೂಲಿನ ತುಂಡುಗಳು ಕಂಡರೆ ಅದು ಗಿರಣಿಯ ಕಸ. ಹಿರಿಯರು ಹತ್ತಿರವಿದ್ದಾಗ ಆ ಚಿಟಿಕೆಯನ್ನು ಇಕ್ಕುಳದಲ್ಲಿ ಹಿಡಿದು ಸುಟ್ಟು ನೋಡಬಹುದು. ಹತ್ತಿ ಕಾಗದ ಸುಟ್ಟ ವಾಸನೆ ಬೀರಿ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕಲಸಿದ್ದರೆ ಕರಗಿ ಗಟ್ಟಿ ಮಣಿಯಾಗುತ್ತದೆ.

ತೆಂಗಿನ ನಾರಿನ ಹಾಸಿಗೆಯ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಕೇರಳದಲ್ಲಿ ನಾರಿನ ಉದ್ಯಮ ಹಳೆಯದು. ಆಲಪ್ಪುಳದಲ್ಲಿ ಜೇಮ್ಸ್ ಡಾರಾ ಎಂಬವರು 1859ರಲ್ಲಿ ನಾರಿನ ಕಾರ್ಖಾನೆ ತೆರೆದರು. 1953ರ ಕಾಯ್ದೆಯಂತೆ ಸ್ಥಾಪಿತವಾದ ಕಾಯರ್ ಬೋರ್ಡಿನ ಕೇಂದ್ರ ಕಛೇರಿ ಕೊಚ್ಚಿಯಲ್ಲಿದೆ. ಆದರೆ ಬರಿಯ ನಾರನ್ನು ತುಂಬಿದರೆ ಹಾಸಿಗೆಯಾಗದು, ಚುಚ್ಚುತ್ತದೆ, ಒಂದೆಡೆ ಸೇರಿಕೊಳ್ಳುತ್ತದೆ. ಅದಕ್ಕೊಂದು ಉಪಾಯ ಮಾಡುತ್ತಾರೆ. ನಾರನ್ನು ಮೊದಲು ಹಗ್ಗದಂತೆ ಬಿಗಿಯಾಗಿ ಹೊಸೆದು, ಬಿಸಿ ಹಾಯಿಸಿ, ಕೆಲಕಾಲ ಬಿಟ್ಟು, ಮತ್ತೆ ಬಿಚ್ಚುತ್ತಾರೆ. ಜಡೆ ಬಿಚ್ಚಿದ ಕೂದಲಿನಂತೆ ನಾರು ಗುಂಗುರಾಗುತ್ತದೆ. ಒಂದೊಂದು ಎಳೆಯೂ ಒಂದು ಚಿಕ್ಕ ಸ್ಪ್ರಿಂಗ್ ಆಯಿತು! ಆ ಗುಂಗುರು ನಾರನ್ನು ಹಾಳೆಯಂತೆ ಹರಡಿ ಗಂಧಕ ಮುಂತಾದವನ್ನು ಬೆರೆಸಿದ ರಬ್ಬರ್ ಹಾಲನ್ನು ಸಿಂಪಡಿಸುತ್ತಾರೆ. ಒತ್ತಿ, ಕಾಯಿಸಿದಾಗ ಎಳೆಗಳು ತಾಗುವ ಜಾಗದಲ್ಲೆಲ್ಲ ರಬ್ಬರು ಹಿಡಿದು ಬೆಸುಗೆಯಾಗುತ್ತದೆ. ನಡುವೆ ಗಾಳಿ ಆಡುತ್ತದೆ. ತೆಂಗಿನ ನಾರಿನಲ್ಲಿ ಲಿಗ್ನಿನ್ ಎಂಬ ಗಟ್ಟಿ ಪದಾರ್ಥ ಬಹಳವಿರುವುದರಿಂದ ಹತ್ತಿಯಂತೆ ಬೇಗ ಕೊಳೆಯುವುದಿಲ್ಲ. ಕರ್ಲಾನ್ ಎಂಬ ಒಂದು ಕಂಪೆನಿಯ ಹೆಸರು ನಮ್ಮಲ್ಲಿ ಈ ಬಗೆಯ ಹಾಸಿಗೆಗೇ ಹೆಸರಾಗಿ ನಿಂತಿದೆ.

ಇದರ ಗುಣ ನಿಂತಿರುವುದು ರಬ್ಬರಿನ ಪ್ರಮಾಣದ ಮೇಲೆ. ರಬ್ಬರಿಗೆ ಬೆಲೆ ಹೆಚ್ಚಾದುದರಿಂದ ಜಿಪುಣತನ ಮಾಡುವವರು ಅದನ್ನು ಕಡಿಮೆ ಮಾಡುತ್ತಾರೆ. ಪರೀಕ್ಷಿಸುವುದು ಕಷ್ಟವಲ್ಲ. ಮೊಣಕಾಲನ್ನು ಒಂದು ಕಡೆ ಬಲವಾಗಿ ಒತ್ತಿ ತೆಗೆಯಿರಿ. ತಗ್ಗು ಕೂಡಲೇ ಮೇಲೆ ಬರಬೇಕು. ಹಾಸಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ನೆಲಕ್ಕೆ ಎರಡು ಸಲ ಕುಟ್ಟಿ. ಕಂದು ಪುಡಿ ಉದುರಿದರೆ ರಬ್ಬರು ಸಾಲದು, ಇಂದು ಉದುರಿದ ಪುಡಿ ನಾಳೆ ಗುಂಡಿಯಾಗುತ್ತದೆ.

ಅಪ್ಪಟ ರಬ್ಬರ್ ಹಾಲಿನ ನೊರೆಯಿಂದಲೇ ಹಾಸಿಗೆ ಮಾಡುವ ವಿಧಾನವನ್ನು ಇಂಗ್ಲೆಂಡಿನ ಡನ್‌ಲಪ್ ಕಂಪೆನಿಯವರು 1929ರಲ್ಲಿ ಕಂಡುಹಿಡಿದರು. ಮಜ್ಜಿಗೆ ಕಡೆದಂತೆ ಹಾಲನ್ನು ಕಡೆದು ನೊರೆ ಬರಿಸಿ, ಅಚ್ಚಿಗೆ ಹೊಯ್ದು ಬೇಯಿಸುವುದು. ಮೈಗೆ ಬಹಳ ಹಿತ, ಬಾಳಿಕೆಯೂ ಹೆಚ್ಚು, ಬೆಲೆಯೂ ಹಾಗೆಯೇ. ಸಾಮಾನ್ಯ ಸಂಸಾರಕ್ಕೆ ನಿಲುಕದು. ನಾರಿನ ಹಾಸಿಗೆಯ ಮೇಲೆ ಒಂದು ಅಂಗುಲದಷ್ಟು ಇದನ್ನು ಹಾಕಿದ್ದೂ ದೊರೆಯುತ್ತದೆ. ಅದು ಕೈಗೆ ಎಟುಕಬಹುದು.

ಇಂದು ಹೆಚ್ಚು ಮಾರಾಟವಾಗುವುದು ಫೋಮ್, ಅಂದರೆ ಪಾಲಿಯುರೆಥೇನ್ ಎಂಬ ರಾಸಾಯನಿಕದ ಸ್ಪಂಜು. ಜರ್ಮನಿಯ ಒಟ್ಟೊ ಬೇಯರ್ ಮತ್ತು ಅವರ ಸಂಗಡಿಗರು 1937ರಲ್ಲಿ ಈ ರಾಸಾಯನಿಕವನ್ನು ಕಂಡುಹಿಡಿದರು. ಮೋಸಕ್ಕೆ ಹೆಚ್ಚು ಎಡೆಯಿರುವುದೂ ಇಲ್ಲಿಯೇ. ಸ್ಪಂಜಿನಲ್ಲಿ ಗಾಳಿ ಎಷ್ಟು, ವಸ್ತು ಎಷ್ಟು ಎಂಬುದು ಕಣ್ಣಿಗೆ ಕಾಣುವುದಿಲ್ಲ. ಕೈಗೂ ತಿಳಿಯುವುದಿಲ್ಲ, ಏಕೆಂದರೆ ಗಡಸುತನ ಬೇರೆ, ಸಾಂದ್ರತೆ ಬೇರೆ. ಕಡಿಮೆ ಸಾಂದ್ರತೆಯ ಫೋಮನ್ನೂ ಗಡಸಾಗಿ ಮಾಡಬಹುದು. ಅಂಗಡಿಯಲ್ಲಿ ಗಟ್ಟಿಯೆನಿಸಿದ್ದು ಮನೆಯಲ್ಲಿ ಒಂದು ವರ್ಷದೊಳಗೆ ಚಪ್ಪಟೆಯಾಗುತ್ತದೆ. ಸಾಂದ್ರತೆಯನ್ನು ತಿಳಿಯುವ ದಾರಿ ತಕ್ಕಡಿ ಒಂದೇ. ಅಡಿಕೆ ತೂಗುವ ತಕ್ಕಡಿ ನಮ್ಮ ಊರಿನಲ್ಲಿ ಯಾವ ಮೂಲೆಯಲ್ಲಿ ಇಲ್ಲ?

ಲೆಕ್ಕ ಹೀಗೆ. 180 ಸೆಂಟಿಮೀಟರ್ ಉದ್ದ, 90 ಅಗಲ, 10 ದಪ್ಪದ ಹಾಸಿಗೆಯ ಗಾತ್ರ 1.8 × 0.9 × 0.1 = 0.162 ಘನಮೀಟರ್. ಫೋಮಿನ ಸಾಂದ್ರತೆ ಘನಮೀಟರಿಗೆ 40 ಕಿಲೋ ಎಂದು ಅಂಗಡಿಯವರು ಹೇಳಿದರೆ ಒಳಗಿನ ತುಂಡು 0.162 × 40, ಅಂದರೆ ಸುಮಾರು ಆರೂವರೆ ಕಿಲೋ ತೂಗಬೇಕು. 32 ಆದರೆ ಸುಮಾರು 5.2 ಕಿಲೋ. ಬರಿಯ 20 ಆದರೆ ಮೂರೂಕಾಲು ಕಿಲೋ ಮಾತ್ರ. ಕವಚದ ಬಟ್ಟೆಯ ತೂಕವನ್ನು ಕಳೆಯಲು ಮರೆಯಬಾರದು. ದಿನವೂ ದೊಡ್ಡವರು ಮಲಗುವ ಹಾಸಿಗೆಗೆ 32ಕ್ಕಿಂತ ಕಡಿಮೆಯದು ಬೇಡವೆಂದು ನಮ್ಮ ಸಲಹೆ. ಎಂಟನೆಯ ತರಗತಿಯ ಮಕ್ಕಳೂ ಅಂಗಡಿಯಲ್ಲಿ ನಿಂತು ಮಾಡಬಹುದಾದ ಲೆಕ್ಕವಿದು.

ಆದರೆ ಈ ತೂಕದ ಪರೀಕ್ಷೆ ಸೋಲುವ ಒಂದು ಎಡೆಯುಂಟು. ಫೋಮಿನ ಚೂರುಗಳನ್ನು ಅಂಟುಹಾಕಿ ಒತ್ತಿ ಮಾಡಿದ 'ಬಾಂಡೆಡ್' ಫೋಮು ಬಹಳ ತೂಗುತ್ತದೆ, ಬಹಳ ಗಟ್ಟಿಯೂ ಹೌದು. ಅದು ಅಡಿಯ ಪದರವಾಗಿ ಇರಬಹುದು, ಇಡೀ ಹಾಸಿಗೆ ಅದೇ ಆಗಬಾರದು. ಇನ್ನು ಕೆಲವರು ಟಿ.ವಿ., ಫ್ರಿಜ್ ಮುಂತಾದವನ್ನು ಸುತ್ತಿ ಕಳುಹಿಸುವ ಬಿಳಿಯ ಪ್ಯಾಕಿಂಗ್ ಹಾಳೆಯನ್ನು ಒಳಗೆ ಇಟ್ಟು ಮೇಲೆ ಮಾತ್ರ ಒಂದಂಗುಲ ಫೋಮು ಹಾಸುತ್ತಾರೆ. ಆದುದರಿಂದ ಕವಚಕ್ಕೆ ಜಿಪ್ಪು ಇರುವ ಹಾಸಿಗೆಯನ್ನೇ ಕೇಳಿ, ಜಿಪ್ಪು ಎಳೆದು ಒಳಗೆ ಕಣ್ಣು ಹಾಯಿಸಿ. ಬಣ್ಣಬಣ್ಣದ ಚೂರುಗಳು ಕಂಡರೆ ಬಾಂಡೆಡ್ ಎಂದು ತಿಳಿಯಿರಿ. ಬಿಚ್ಚಿ ತೋರಿಸಲಾಗದು ಎನ್ನುವವರಲ್ಲಿ ಕೊಳ್ಳದಿರುವುದೇ ಮೇಲು.

'ಮೆಮೊರಿ ಫೋಮ್' ಎಂಬುದು 1966ರಲ್ಲಿ ಅಮೆರಿಕದ ನಾಸಾ ಸಂಸ್ಥೆಗಾಗಿ ವಿಮಾನದ ಆಸನಗಳಿಗೆಂದು ಮಾಡಿದ್ದು. ಮೈಯ ಬಿಸಿಗೆ ಮೆತ್ತಗಾಗಿ ಮೈಯ ಆಕಾರ ತಾಳುತ್ತದೆ, ಶಾಖವನ್ನು ಹಿಡಿದಿಡುವುದೂ ಉಂಟು. ನಮ್ಮ ಕರಾವಳಿಯ ಏಪ್ರಿಲ್ ತಿಂಗಳಿನಲ್ಲಿ ಅದರ ಮೇಲೆ ಮಲಗುವುದನ್ನು ನೆನೆದರೇ ಬೆವರುತ್ತದೆ. ಸ್ಪ್ರಿಂಗಿನ ಹಾಸಿಗೆ ಗಾಳಿಯಾಡುತ್ತದೆ, ಆದರೆ ಕುಂಬಳೆ, ಉಪ್ಪಳದಂಥ ಕಡಲ ಕರೆಯ ಊರುಗಳ ಉಪ್ಪುಗಾಳಿಯಲ್ಲಿ ಉಕ್ಕಿನ ಗತಿ ಏನೆಂಬುದು ಕಿಟಿಕಿಯ ಸರಳು ನೋಡಿದವರಿಗೆ ತಿಳಿದೇ ಇದೆ. ನಾಲ್ಕು ಅಂಗುಲದ ರಬ್ಬರು ಹಾಕಿದ ನಾರಿನ ಹಾಸಿಗೆ, ಅದರ ಮೇಲೆ ಒಂದಂಗುಲದ ಒಳ್ಳೆಯ ಫೋಮು ಯಾ ರಬ್ಬರ್ ನೊರೆ ಇದ್ದುದು ನಮ್ಮ ಹವೆಗೂ ನಮ್ಮ ಕಿಸೆಗೂ ಹೊಂದುವಂಥದೆಂದು ನಮಗೆ ತೋರುತ್ತದೆ.

ಅಳತೆಯ ವಿಷಯದಲ್ಲಿ ಒಂದು ಮಾತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಖರ್ಚಿನ ವಿಷಯಕ್ಕೆ ಸರಿ, ಹಾಸಿಗೆಯಂಗಡಿಯಲ್ಲಿ ಅದು ತಲೆಕೆಳಗು. ಅಲ್ಲಿ ಕಾಲಿನ ಅಳತೆ ಮೊದಲು. ಮಲಗುವವರ ಎತ್ತರಕ್ಕೆ ಅರ್ಧ ಅಡಿ ಸೇರಿಸಬೇಕು. ಬೆಳೆಯುವ ಮಕ್ಕಳಿಗೆ ದೊಡ್ಡವರ ಅಳತೆಯದನ್ನೇ ತರಬೇಕು. ಮಂಚದ ಒಳಗಿನ ಉದ್ದ ಅಗಲಗಳನ್ನು ಚೀಟಿಯಲ್ಲಿ ಬರೆದುಕೊಂಡೇ ಹೊರಡಿ.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲ್ಲಿಮೀಟರ್ ಮಳೆ ಬೀಳುತ್ತದೆ. ಆಟಿ ತಿಂಗಳ ಜಡಿಮಳೆಗೆ ಚರ್ಮದ ಚಪ್ಪಲಿಗೂ ಬೂಷ್ಟು ಬರುತ್ತದೆ, ಹಾಸಿಗೆಗೆ ಬಾರದೇ? ಬೂಷ್ಟಿಗಿಂತಲೂ ಉಪದ್ರವ ಕೊಡುವುದು ಕಣ್ಣಿಗೆ ಕಾಣದ ನುಸಿ. ತೆಂಗಿನಕಾಯಿಯ ನುಸಿ ನಮಗೆ ಪರಿಚಿತ, ಇದು ಬೇರೆ ಜಾತಿ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟೇ ಇದರ ಆಹಾರ. ಮನೆಯ ಧೂಳಿನಿಂದ ಉಬ್ಬಸ ಬರುವುದಕ್ಕೆ ಈ ನುಸಿಯೇ ಕಾರಣವೆಂದು ಹಾಲೆಂಡಿನ ಲೈಡನ್ ನಗರದ ಸಂಶೋಧಕರು 1964ರಲ್ಲಿ ತೋರಿಸಿಕೊಟ್ಟರು. ಇದು ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರಿ ಬದುಕುತ್ತದೆ. ಆದುದರಿಂದ ಒಣಗಿಸುವುದೇ ಇದಕ್ಕೆ ಮದ್ದು. ಹೊದಿಕೆ, ತಲೆದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದರೆ ಬಹುಮಟ್ಟಿಗೆ ತಗ್ಗುತ್ತದೆ. ಬೆಳಗ್ಗೆ ಎದ್ದೊಡನೆ ಹೊದಿಕೆ ಬಿಗಿದು ಮುಚ್ಚದೆ ಹಾಸಿಗೆಯನ್ನು ಅರ್ಧ ಗಂಟೆ ತೆರೆದಿಡಬೇಕು, ರಾತ್ರಿಯ ಬೆವರು ಆರಲಿ. ನೆಲದ ಮೇಲೆ ಹಾಸುವವರು ದಿನವೂ ಎತ್ತಿ ಗೋಡೆಗೆ ಒರಗಿಸಬೇಕು. ಹಲಗೆಗಳ ನಡುವೆ ಎರಡು ಬೆರಳಿನ ಸಂದಿಯಿರುವ ಮಂಚ ಸಿಕ್ಕಿದರೆ ಇನ್ನೂ ಲೇಸು.

ಬಿಸಿಲಿಗೆ ಹಾಕುವ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಹತ್ತಿಯ ಹಾಸಿಗೆ, ಬೂರುಗದ ತಲೆದಿಂಬುಗಳನ್ನು ಅಂಗಳದಲ್ಲಿ ಅಡಿಕೆಯ ಪಕ್ಕದಲ್ಲಿ ಹಾಕಿ ಸುಡುಬಿಸಿಲಿನಲ್ಲಿ ಕಾಯಿಸುವುದು ಹಿರಿಯರು ಕಲಿಸಿದ ಕ್ರಮ, ಅದು ಸರಿ. ಅದೇ ಕ್ರಮವನ್ನು ಫೋಮಿಗೂ ರಬ್ಬರು ಹಾಕಿದ ನಾರಿಗೂ ಅನ್ವಯಿಸಿದರೆ ಹಾಸಿಗೆ ಹಾಳು. ಬಿಸಿಲಿನ ಅತಿನೇರಳೆ ಕಿರಣಗಳಿಗೆ ಫೋಮು ಹಳದಿಯಾಗಿ ಪುಡಿಯಾಗುತ್ತದೆ, ರಬ್ಬರು ಬಿರಿಯುತ್ತದೆ. ಇವುಗಳನ್ನು ಜಗಲಿಯ ನೆರಳಿನಲ್ಲಿ, ಗಾಳಿಗೆ ನಿಲ್ಲಿಸಬೇಕು. ಒಳ್ಳೆಯ ಬೆಲೆ ಕೊಟ್ಟು ತಂದ ಹಾಸಿಗೆಯನ್ನು ಪ್ರೀತಿಯಿಂದಲೇ ಬಿಸಿಲಿಗೆ ಹಾಕಿ ಕೆಡಿಸಿದ ಮನೆಗಳು ನಮ್ಮೂರಿನಲ್ಲಿ ಕಡಿಮೆಯಲ್ಲ.

ಬೆಲೆಯನ್ನು ರಾತ್ರಿಗಳ ಲೆಕ್ಕದಲ್ಲಿ ನೋಡಬೇಕು. 2,500 ರೂಪಾಯಿಯ ಹಾಸಿಗೆ ಎರಡು ವರ್ಷ ಬಾಳಿದರೆ 730 ರಾತ್ರಿ, ರಾತ್ರಿಗೆ ಮೂರೂವರೆ ರೂಪಾಯಿಯ ಹತ್ತಿರ. 6,000 ರೂಪಾಯಿಯದು ಎಂಟು ವರ್ಷ ಬಾಳಿದರೆ 2,920 ರಾತ್ರಿ, ರಾತ್ರಿಗೆ ಎರಡು ರೂಪಾಯಿಗೆ ಸ್ವಲ್ಪ ಮೇಲೆ. ಅಗ್ಗದ್ದೇ ದುಬಾರಿಯಾಯಿತು. ಹಾಗೆಂದು ಬೆಲೆ ಏರಿದಷ್ಟೂ ನಿದ್ರೆ ಏರುವುದಿಲ್ಲ. ಒಂದು ಮಟ್ಟದ ಮೇಲೆ ಕೊಡುವ ದುಡ್ಡು ಹೆಸರಿಗೂ ಹೊಳಪಿನ ಬಟ್ಟೆಗೂ ಹೋಗುತ್ತದೆ. ಕಂತಿನಲ್ಲಿ ಕೊಳ್ಳುವವರು ಕಂತಿನ ಮೊತ್ತವನ್ನಲ್ಲ, ಕಂತುಗಳ ಒಟ್ಟು ಮೊತ್ತವನ್ನು ಕೇಳಬೇಕು. ತಿಂಗಳಿಗೆ 400ರಂತೆ 20 ತಿಂಗಳು ಎಂದರೆ 8,000. ಅದೇ ಹಾಸಿಗೆಗೆ ರೊಕ್ಕ ಕೊಟ್ಟರೆ 6,000 ಎಂದಾದರೆ ಉಳಿದ 2,000 ಬಡ್ಡಿ.

ಬಿಲ್ಲು ತಪ್ಪದೆ ಕೇಳಬೇಕು. ಅದರಲ್ಲಿ ಒಳಗಿನ ವಸ್ತು, ಸಾಂದ್ರತೆ, ದಪ್ಪ ಇಷ್ಟನ್ನೂ ಬರೆಸಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು, 1915 ಎಂಬ ಸಂಖ್ಯೆಗೆ ಫೋನು ಮಾಡಿಯೂ ಹೇಳಬಹುದು. ಬಿಲ್ಲಿಲ್ಲದಿದ್ದರೆ ದೂರಿಗೆ ಬಲವಿಲ್ಲ. ಮನೆ ಬಾಗಿಲಿಗೆ ಬರುವ ಗಾಡಿಯವರೆಲ್ಲರೂ ಮೋಸಗಾರರೆಂದು ನಾವು ಹೇಳುವುದಿಲ್ಲ. ಆದರೆ ಮುಂದಿನ ತಿಂಗಳು ಅವರನ್ನು ಹುಡುಕುವುದೆಲ್ಲಿ? ಖಾತರಿಯ ಕಾರ್ಡು ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತದೆ, ಅಂಗಡಿಯವರು ಮಲೆಯಾಳದಲ್ಲಿ ವಿವರಿಸುತ್ತಾರೆ, ಕೊಳ್ಳುವ ಅಜ್ಜನಿಗೆ ಓದಲು ಬರುವುದು ಕನ್ನಡ ಮಾತ್ರ. ಇಂಥಲ್ಲಿ ಮೂರು ಭಾಷೆ ಕಲಿಯುವ ನೀವು ಜತೆಗಿರಬೇಕು. 'ಹತ್ತು ವರ್ಷದ ಗ್ಯಾರಂಟಿ' ಎಂಬ ದೊಡ್ಡ ಅಕ್ಷರದ ಕೆಳಗೆ ಎಷ್ಟು ಅಂಗುಲ ತಗ್ಗಾದರೆ ಬದಲಿಸಿ ಕೊಡುತ್ತಾರೆ, ಕಲೆಯಾದರೆ ಖಾತರಿ ಉಂಟೋ ಇಲ್ಲವೋ ಎಂಬುದು ಸಣ್ಣ ಅಕ್ಷರದಲ್ಲಿರುತ್ತದೆ. ಅದನ್ನು ಅಜ್ಜನಿಗೆ ಕನ್ನಡದಲ್ಲಿ ಓದಿ ಹೇಳಿ, ಆಮೇಲೆ ದುಡ್ಡು ಎಣಿಸಲಿ.

ಎಳೆಯ ಶಿಶುಗಳಿರುವ ಮನೆಯವರು ಈ ಲೇಖನದಲ್ಲಿ ಬೇರೇನನ್ನು ಮರೆತರೂ ಇದನ್ನು ಮರೆಯಬಾರದು. ಒಂದು ವರ್ಷದೊಳಗಿನ ಮಗುವನ್ನು ಮೆತ್ತನೆಯ ಹಾಸಿಗೆಯಲ್ಲಿ, ಮೆತ್ತನೆಯ ದಿಂಬುಗಳ ನಡುವೆ ಮಲಗಿಸಬಾರದು. ಮಗುಚಿದರೆ ಮೂಗು ಹುದುಗಿ ಉಸಿರು ಕಟ್ಟಬಹುದು. ಸಮತಟ್ಟಾದ ಗಟ್ಟಿ ಹಾಸಿನ ಮೇಲೆ ಅಂಗಾತ ಮಲಗಿಸಬೇಕು, ತಲೆದಿಂಬು ಬೇಡ. ಮುದುಕರಿಗೆ ಹಾಸಿಗೆಯ ಎತ್ತರ ಮುಖ್ಯ. ಅಂಚಿನಲ್ಲಿ ಕುಳಿತಾಗ ಪಾದ ಪೂರ್ತಿ ನೆಲಕ್ಕೆ ತಾಗಬೇಕು. ಏಳಲಾರದೆ ಮಲಗಿಯೇ ಇರುವವರಿಗೆ ಇದುವರೆಗೆ ಹೇಳಿದ ಯಾವ ಹಾಸಿಗೆಯೂ ಸಾಲದು. ಎಂಡೋಸಲ್ಫಾನಿನಿಂದಾಗಿ ಹಾಸಿಗೆ ಹಿಡಿದವರಿರುವ ಮನೆಗಳು ನಮ್ಮ ಜಿಲ್ಲೆಯಲ್ಲಿ ಎಷ್ಟೋ ಇವೆ. ಅಂಥವರಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಗಾಳಿ ತುಂಬುವ ಹಾಸಿಗೆ ಬೇಕು. ಕೇರಳ ಸರಕಾರವು 2008ರಲ್ಲಿ ಸಾಂತ್ವನ ಚಿಕಿತ್ಸೆಯ ನೀತಿಯನ್ನು ಜಾರಿಗೆ ತಂದ ಮೇಲೆ ಪಂಚಾಯತುಗಳ ಆಶ್ರಯದಲ್ಲಿ ಪಾಲಿಯೇಟಿವ್ ಘಟಕಗಳು ನಡೆಯುತ್ತಿವೆ. ಇಂಥ ಹಾಸಿಗೆಗಳನ್ನು ಅವರು ಬಳಸಲು ಕೊಡುವುದುಂಟು. ಸಾಲ ಮಾಡಿ ಕೊಳ್ಳುವ ಮೊದಲು ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆಯವರನ್ನು ವಿಚಾರಿಸಿ.

ಕೊನೆಯದಾಗಿ, ಈಗ ಮನೆಯಲ್ಲಿರುವ ಹಾಸಿಗೆಯನ್ನು ಬದಲಿಸುವ ಅಗತ್ಯ ಉಂಟೋ ಎಂದು ಮೊದಲು ನೋಡಬೇಕಲ್ಲ. ಒಂದು ನೂಲನ್ನು ಹಾಸಿಗೆಯ ಅಡ್ಡಕ್ಕೆ, ಸೊಂಟ ಬರುವ ಜಾಗದಲ್ಲಿ, ಈ ಅಂಚಿನಿಂದ ಆ ಅಂಚಿಗೆ ಇಬ್ಬರು ಬಿಗಿಯಾಗಿ ಹಿಡಿಯಿರಿ. ನಡುವೆ ನೂಲಿನಿಂದ ಹಾಸಿಗೆಯವರೆಗೆ ಎಷ್ಟು ತಗ್ಗು ಎಂದು ಸ್ಕೇಲು ನಿಲ್ಲಿಸಿ ಅಳೆಯಿರಿ. ಅರ್ಧ ಅಂಗುಲವಾದರೆ ಚಿಂತೆಯಿಲ್ಲ, ತಲೆಯ ಕಡೆಯನ್ನು ಕಾಲಿನ ಕಡೆಗೆ ತಿರುಗಿಸಿ ಹಾಸಿದರೆ ಇನ್ನೂ ಕೆಲಕಾಲ ಬರುತ್ತದೆ. ಒಂದೂವರೆ ಅಂಗುಲಕ್ಕಿಂತ ಹೆಚ್ಚಾದರೆ ಹತ್ತಿಯದನ್ನು ಹಿಂಜಿಸಿ ತುಂಬಿಸಬೇಕು, ಫೋಮಿನದನ್ನು ಬಿಡಬೇಕು. ಮಂಚದ ಹಲಗೆ ಬಾಗಿ ಹಾಸಿಗೆಯ ಮೇಲೆ ಅಪವಾದ ಬರುವುದೂ ಉಂಟು, ಆದುದರಿಂದ ಹಾಸಿಗೆ ತೆಗೆದು ಹಲಗೆಯ ಮೇಲೂ ನೂಲು ಹಿಡಿದು ನೋಡಿ. ಎರಡು ಅಳತೆಗಳನ್ನೂ ದಿನಾಂಕದೊಂದಿಗೆ ಬಿಲ್ಲಿನ ಬೆನ್ನಿಗೆ ಬರೆದಿಟ್ಟರೆ ಮುಂದಿನ ವರ್ಷ ಅಳೆದಾಗ ಹೋಲಿಸಲು ಬರುತ್ತದೆ.